ಅಕ್ಕಿ ದಲ್ಲಾಳಿಯ ನಾಲಿಗೆಗೆ ಜರ್ಮನಿಯ ಬೀರು

ಬೀರನ್ನು ಮೂಗಿನಿಂದ ಕುಡಿಯುವ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದು ಹಿಟ್ನಾಳದ ಹತ್ತಿರ, ಹೆದ್ದಾರಿ ಬದಿಯ ಒಂದು ರೆಸಾರ್ಟಿನಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ. ಗ್ಲಾಸನ್ನು ಮೂಗಿನ ಕೆಳಗೆ ಹಿಡಿಯುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಉಸಿರು ಎಳೆಯುತ್ತಿದ್ದ, ಮತ್ತೆ ಕಣ್ಣು ತೆರೆದು ಕಾಗದದ ಮೇಲೆ ಏನೋ ಗೀಚುತ್ತಿದ್ದ. ಅವನ ಒಂದು ಗುಟುಕು ಗಂಟಲಿಗೆ ಇಳಿಯುವ ಹೊತ್ತಿಗೆ ನಮ್ಮ ಗಂಗಾವತಿಯ ಅಕ್ಕಿ ಬಜಾರದಲ್ಲಿ ಒಂದು ಲಾರಿ ತುಂಬಿ, ಹಗ್ಗ ಬಿಗಿದು, ಹೊರಟೇ ಹೋಗಿರುತ್ತಿತ್ತು. ಇಂಥವನ ಪಕ್ಕದಲ್ಲಿ, ಇಂಥದೇ ಕಾಗದ ಹಿಡಿದುಕೊಂಡು, ನಾನೂ ಕೂತಿದ್ದೆ. ಹೀಯಾಳಿಸಲು ಹೊರಟ ಮೇಲೆ ಪಂಕ್ತಿಯಲ್ಲಿ ಯಾರನ್ನೂ ಬಿಡಬಾರದು. ಆ ಪಂಕ್ತಿಯ ಕೊನೆಯಲ್ಲಿ ನಾನೂ ಇದ್ದೇನೆ.

ನಾನು ಅಕ್ಕಿ ದಲ್ಲಾಳಿ. ನಮ್ಮಪ್ಪನೂ ಅದೇ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಮಾಲು ಪರೀಕ್ಷೆ ಮಾಡುವುದು ನಮ್ಮ ಕಸುಬು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತೇವೆ. ಅಂಗೈಯಲ್ಲಿ ತಿಕ್ಕಿ, ಊದಿ, ನುಚ್ಚೆಷ್ಟು ಎಂದು ಕಣ್ಣಾಡಿಸಿ, ಎರಡು ಕಾಳನ್ನು ಮುಂಬಲ್ಲಿನಲ್ಲಿ ಕಡಿಯುತ್ತೇವೆ. ಕಟ್ ಎಂದರೆ ಒಣಗಿದೆ. ಸಪ್ಪಳವಿಲ್ಲದೆ ಚಪ್ಪಟೆಯಾದರೆ ಒಳಗೆ ತೇವ ಇದೆ. ಆ ಪುಡಿಯನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಹೊಸದೋ ಹಳೆಯದೋ, ಗೋದಾಮಿನ ಮೂಲೆಯಲ್ಲಿ ಬಿದ್ದು ಮುಗ್ಗಿತ್ತೋ, ಕಾಲುವೆ ನೀರಿನದೋ ಬೋರಿನ ನೀರಿನದೋ ಎಂಬುದನ್ನು ಅದೇ ಹೇಳುತ್ತದೆ. ಮೂವತ್ತು ವರ್ಷಗಳಿಂದ ಬೆಳಗಿನ ಚಹಾ ಕುಡಿಯದೆ ಬಜಾರಕ್ಕೆ ಹೋಗುತ್ತಿದ್ದೇನೆ. ಎಲೆ ಅಡಿಕೆ ಮುಟ್ಟಿಲ್ಲ, ತಂಬಾಕಿನ ಹತ್ತಿರ ಸುಳಿದಿಲ್ಲ. ಇದು ಸದ್ಗುಣವಲ್ಲ, ಹತಾರವನ್ನು ತುಕ್ಕು ಹಿಡಿಯದಂತೆ ಇಟ್ಟುಕೊಳ್ಳುವ ಕ್ರಮ.

ಅಪ್ಪ ಕಡಿಯುವುದನ್ನು ಕಲಿಸಿದ, ಜೊತೆಗೆ ಬೈಯುವುದನ್ನೂ ಕಲಿಸಿದ. ನಮ್ಮಲ್ಲಿ ಮಾಲು ಮನಸ್ಸಿಗೆ ಬಂದರೆ ಬೈಯಬೇಕು. "ಇದೇನ್ ಅಕ್ಕೀನೋ ಕೋಳಿಗೆ ಹಾಕೋ ನುಚ್ಚೋ? ಯಾವ್ ಪುಣ್ಯಾತ್ಮ ಬೆಳದಾನ ಇದನ್ನ?" ಎಂದು ನಾಲ್ಕು ಮಂದಿಗೆ ಕೇಳುವಂತೆ ಜರಿಯಬೇಕು. ಹೊಗಳಿದರೆ ಮಾರುವವನು ಸೆಟೆದು ನಿಲ್ಲುತ್ತಾನೆ. ಮಾರುವವನಿಗೂ ಇದು ಗೊತ್ತು. ನಾವು ಎಷ್ಟು ಜೋರಾಗಿ ಬೈದರೆ ಅವನು ಒಳಗೊಳಗೇ ಅಷ್ಟು ಹಿಗ್ಗುತ್ತಾನೆ, ಮುಖ ಮಾತ್ರ ಸಪ್ಪಗೆ ಮಾಡಿಕೊಂಡು ನಿಲ್ಲುತ್ತಾನೆ. ಕೆಟ್ಟ ಮಾಲಾದರೆ ಬೈಯುವ ಗೋಜಿಗೇ ಹೋಗುವುದಿಲ್ಲ. "ಅಡ್ಡಿ ಇಲ್ರಿ, ಛಲೋ ಐತಿ" ಎಂದು ಮರ್ಯಾದೆಗೆ ಒಂದು ಮಾತು ಹೇಳಿ ಮುಂದಿನ ಚೀಲಕ್ಕೆ ನಡೆಯುತ್ತೇವೆ. ಕೊಳ್ಳದ ಮಾಲಿನ ಜೊತೆ ಜಗಳ ಯಾಕೆ? ಖರೆ ಏನೆಂಬುದು ಬಾಯಲ್ಲಿ ಇರುವುದಿಲ್ಲ, ಕೈಯಲ್ಲಿ ಇರುತ್ತದೆ. ಬೇಡವಾದ ಕಾಳನ್ನು ಚೀಲಕ್ಕೇ ಚೆಲ್ಲುತ್ತೇವೆ; ಬೇಕಾದದ್ದನ್ನು ಬೈಯುತ್ತ ಬೈಯುತ್ತಲೇ ಟವೆಲ್ಲಿನ ತುದಿಗೆ ಗಂಟು ಕಟ್ಟಿಕೊಳ್ಳುತ್ತೇವೆ. "ಬಜಾರದಾಗ ಕಿವುಡ ಇದ್ರ ನಡೀತೈತಿ, ಕುರುಡ ಇರಬಾರದು" ಎನ್ನುತ್ತಿದ್ದ ಅಪ್ಪ.

ಮನೆಯಲ್ಲೂ ಇದೇ ಭಾಷೆ. ಅಲ್ಲಿ ದೃಷ್ಟಿ ತಾಗುವ ಭಯ. ಯಲಬುರ್ಗಿಗೆ ಕೊಟ್ಟ ನನ್ನ ಅಕ್ಕ ಬಾಣಂತನಕ್ಕೆ ಬಂದು ಮಗಳನ್ನು ಹೆತ್ತಾಗ, ನಮ್ಮಜ್ಜಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಅಯ್ಯ, ಕಾಗಿ ಮರಿ ಹಂಗ ಐತಲ್ಲ, ಯಾರ್ ಎತ್ಕೋತಾರ ಇದನ್ನ" ಎಂದಳು. ಎಂದವಳು ಹೊತ್ತು ಮುಳುಗುವವರೆಗೆ ಕೆಳಗಿಳಿಸಲಿಲ್ಲ.

ಆ ಕಾಗೆ ಮರಿಯೇ ಈಗ ಬೀರು ಕುದಿಸುತ್ತದೆ.

ಆಹಾರ ವಿಜ್ಞಾನ ಓದಿದಳು, ಎರಡು ವರ್ಷ ಹೊರಗೆಲ್ಲೋ ಬೀರಿನ ಕೆಲಸ ಕಲಿತಳು, ಆಮೇಲೆ ಈ ರೆಸಾರ್ಟಿನವರು ತಮ್ಮಲ್ಲೇ ಬೀರು ತಯಾರಿಸುವ ಘಟಕ ಹಾಕಿದಾಗ ಬಂದು ಸೇರಿದಳು. ನಮ್ಮ ಮನೆತನದಲ್ಲಿ ಹೆಂಡ ಮುಟ್ಟಿದವರು ಇಲ್ಲವೆಂದಲ್ಲ. ಮುಟ್ಟಿದ್ದೇವೆಂದು ಹೇಳಿದವರು ಇಲ್ಲ. ಹೀಗಿರುವಾಗ ಹುಡುಗಿಯೊಬ್ಬಳು ಅದನ್ನು ಕೊಪ್ಪರಿಗೆಗಟ್ಟಲೆ ಕುದಿಸುತ್ತಾಳೆಂದರೆ! ಅಕ್ಕ ಯಲಬುರ್ಗಿಯ ಓಣಿಯಲ್ಲಿ, "ನೀರು ಶುದ್ಧ ಮಾಡೋ ಕಂಪನ್ಯಾಗ ಅದಾಳ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಕಡೆಯ ಬೋರಿನ ನೀರು ಆ ಬೀರಿಗೆ ಆಗುವುದಿಲ್ಲ, ಗಡಸು. ಅದನ್ನು ಸೋಸಿ ಸೋಸಿ ಮೆತ್ತಗೆ ಮಾಡುವುದರಲ್ಲೇ ಇವಳ ಅರ್ಧ ದಿನ ಹೋಗುತ್ತಿತ್ತು.

ಒಂದು ದಿನ ಫೋನು ಮಾಡಿದಳು.

"ಮಾಮಾ, ಐತವಾರ ಹಿಟ್ನಾಳಕ್ಕ ಬಾ. ನಾ ಮಾಡಿದ ಬೀರು ರುಚಿ ನೋಡಬೇಕು."

"ಥೂ, ಹೋಗ. ನಿಮ್ಮವ್ವನ ಮುಂದ ನಾ ಮುಖ ತೋರಸ್ಬೇಕೋ ಬ್ಯಾಡೋ?"

"ಬೈಬ್ಯಾಡ, ಕೇಳು. ಜರ್ಮನಿ ಪದ್ಧತಿಯ ಪಿಲ್ಸ್ನರ್ ಮಾಡೀನಿ. ಐದು ವಾರ ತಣ್ಣಗ ಟಾಕ್ಯಾಗ ಇಡಬೇಕು ಅದನ್ನ. ಮಾಲೀಕರಿಗೆ ಐದು ದಿನಾನೂ ತಡಕೊಳ್ಳಾಕ ಆಗವಲ್ದು. ಟಾಕಿ ಸುಮ್ನ ಕಟ್ಟಿಬಿದ್ದಾವು, ಕಹಿ ಬ್ಯಾರೆ, ಯಾರು ಕುಡೀತಾರ ಅಂತಾರ. ಹೊರಗಿನ ಕಂಪನೀದು ತರಿಸಿ ಮಾರತಾರಂತ. ಐತವಾರ ಎರಡೂ ಬೀರು ಇಟ್ಟು ಪರೀಕ್ಷಾ ಮಾಡಸ್ತಾರ. ನಂದು ಬಿದ್ರ ನಾನೂ ಬಿದ್ದಂಗ. ನಮ್ಮವ್ವ ಆಗ್ಲೇ ಹೇಳ್ಯಾಳ, ಕೆಲಸ ಹೋದ್ರ ಸುಮ್ನ ಮನೀಗೆ ಬಂದ್ಬಿಡು, ಮತ್ತ ಆ ಸುದ್ದಿ ಎತ್ತಬ್ಯಾಡ ಅಂತ."

"ಅದಕ್ಕ ನಾ ಯಾಕ?"

"ಗಂಗಾವತ್ಯಾಗ ಒಬ್ರು ಅದಾರ, ಕಾಳು ಕಡಿದು ಯಾವ ನೀರಿಂದು ಅಂತ ಹೇಳ್ತಾರ ಅಂತ ಮಾಲೀಕರಿಗೆ ಹೇಳೀನಿ. ಸ್ವಾದರಮಾವ ಅಂತ ಹೇಳಿಲ್ಲ. ನೀನೂ ಹೇಳಬ್ಯಾಡ. ಮತ್ತ ಒಂದು ಮಾತು ಮಾಮಾ. ಹುಟ್ಟಿದಾಗಿಂದ ನೀ ನನಗ ಒಂದ್ಸಲಾನೂ ಛಲೋ ಅಂದಿಲ್ಲ. ಅವತ್ತ ಕೆಟ್ಟಿದ್ರ ಕೆಟ್ಟೈತಿ ಅನ್ನು, ಛಲೋ ಇದ್ರ ಛಲೋ ಐತಿ ಅನ್ನು. ಸೀದಾ ಹೇಳು. ಮಾತು ಕೊಡು."

ಕೊಟ್ಟೆ. ಮಾತು ಕೊಡುವುದರಲ್ಲಿ ನಮ್ಮ ಬಜಾರದವರು ಉದಾರಿಗಳು.

ರೆಸಾರ್ಟನ್ನು ವರ್ಣಿಸಿ ನನ್ನ ಶಾಯಿ ಕೆಡಿಸಿಕೊಳ್ಳಲಾರೆ, ಆದರೂ ಎರಡು ಮಾತು. ಗೋಡೆಗೆ ಎತ್ತಿನ ಗಾಡಿಯ ಗಾಲಿಗಳನ್ನು ನೇತುಹಾಕಿದ್ದರು. ಗಾಲಿ ನೆಲದ ಮೇಲೆ ಉರುಳುವ ವಸ್ತು. ಅದನ್ನು ಗೋಡೆಗೆ ಹೊಡೆದವನಿಗೆ ಕಣದಲ್ಲಿ ಸುತ್ತುವ ಹಂತಿಯೂ ಗೊತ್ತಿಲ್ಲ, ಗಾಡಿಯೂ ಗೊತ್ತಿಲ್ಲ. ಹುಲ್ಲಿನ ಚಪ್ಪರ ಇತ್ತು, ಮುಟ್ಟಿ ನೋಡಿದೆ, ಪ್ಲಾಸ್ಟಿಕ್ಕು. ಬಾಗಿಲಲ್ಲಿ ಎರಡು ಕಲ್ಲಿನ ಆನೆ. ಮಾಲೀಕ ಕುಷ್ಟಗಿ ಕಡೆಯ ಗ್ರಾನೈಟಿನ ಸಾಹುಕಾರ; ಕ್ವಾರಿಯಲ್ಲಿ ಉಳಿದ ಕಲ್ಲು ಎಲ್ಲಿ ಚೆಲ್ಲುವುದು ಎಂದು ಯೋಚಿಸಿ ಆನೆ ಮಾಡಿಸಿದಂತಿತ್ತು. ಒಂದು ಆನೆಗೆ ಸೊಂಡಿಲು ಗಿಡ್ಡವಾಗಿತ್ತು.

"ಬರ್ರಿ ಬರ್ರಿ, ನಿಮ್ಮ ನಾಲಿಗಿ ಸುದ್ದಿ ಭಾಳ ಕೇಳೀನಿ" ಎಂದ ಸಾಹುಕಾರ. "ಇಟಗಿ ಗುಡಿ ನೋಡಾಕ ಬಂದೋರು, ಆನೆಗುಂದಿಗೆ ಹೋಗೋರು, ಎಲ್ಲಾರೂ ಇಲ್ಲೇ ಗಾಡಿ ನಿಲ್ಲಿಸಬೇಕ್ರಿ. ಅದಕ್ಕ ಬೀರು ಹೆಂಗಿರಬೇಕು? ಪಾಲಿಶ್ ಹೊಡದ ಕಲ್ಲು ಇದ್ದಂಗ ಇರಬೇಕು. ಏನಂತೀರಿ?"

ಬೀರು ಕಲ್ಲಿನಂತೆ ಇರಬೇಕು ಎನ್ನುವವನಿಗೆ ನಾನೇನು ಅನ್ನಲಿ?

ಎರಡನೆಯವನೇ ಆ ಮೂಗಿನವನು, ಬೆಂಗಳೂರಿನಿಂದ ಕರೆಸಿದ ರುಚಿ ಪರೀಕ್ಷಕ. ಗಡ್ಡವನ್ನು ಗಿರಾಕಿಗೆ ತೋರಿಸುವ ಮಾದರಿಯಂತೆ ಕತ್ತರಿಸಿಕೊಂಡಿದ್ದ. ಮೈಗೆ ಸೆಂಟು! ವಾಸನೆ ಹಿಡಿಯುವ ಕೆಲಸಕ್ಕೆ ಬಂದವನು ಮೈಗೆ ಸೆಂಟು ಪೂಸಿಕೊಂಡು ಬಂದಿದ್ದಾನೆಂದರೆ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಹಾಡು ಕೇಳಲು ಕೂತಂತೆ. ನಾನು ಅವತ್ತು ಸಾಬೂನಿನಲ್ಲಿ ಕೈಯನ್ನೂ ತೊಳೆದಿರಲಿಲ್ಲ, ಬರೀ ನೀರು.

ಸೊಸಿ, ಅಂದರೆ ಅಕ್ಕನ ಮಗಳು, ಅಲ್ಲೇ ಗಾಜಿನ ಗೋಡೆಯ ಆಚೆ, ಮನುಷ್ಯನಿಗಿಂತ ಎತ್ತರದ ಉಕ್ಕಿನ ಟಾಕಿಗಳ ನಡುವೆ ರಬ್ಬರಿನ ಬೂಟು ಹಾಕಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಗುರುತಿಲ್ಲದವಳಂತೆ, "ನಮಸ್ಕಾರ್ರಿ" ಎಂದಳು. ನಾನೂ "ನಮಸ್ಕಾರ್ರೀ ಯವ್ವಾ" ಎಂದೆ. ನಾಟಕದಲ್ಲಿ ಇಬ್ಬರೂ ಸಮ ಕೆಟ್ಟ ನಟರು.

ಮೇಜಿನ ಮೇಲೆ ಎರಡು ಜಗ್ಗು, ಸಾಹುಕಾರನೂ ಸೇರಿ ಮೂವರಿಗೂ ಎರಡೆರಡು ಗ್ಲಾಸು. ಯಾವ ಜಗ್ಗಿನಲ್ಲಿ ಯಾರ ಬೀರೆಂದು ನಮಗೆ ಹೇಳಿರಲಿಲ್ಲ. ಸಾಹುಕಾರನ ಕೈಯಲ್ಲಿ ಪೆನ್ನು. ಪರೀಕ್ಷಕ ಪಾಠ ಶುರು ಮಾಡಿದ.

"ನೋಡಿ ಸರ್, ಪಿಲ್ಸ್ನರ್ ಅಂದ್ರೆ ಬಹಳ ಪ್ರಾಮಾಣಿಕವಾದ ಬೀರು. ನೀರು, ಮೊಳಕೆ ಬರಿಸಿದ ಬಾರ್ಲಿ, ಹಾಪ್ಸ್ ಅನ್ನೋ ಬಳ್ಳಿಯ ಹೂವು, ಯೀಸ್ಟು. ನಾಲ್ಕೇ. ತಪ್ಪು ಮುಚ್ಚಿಡೋಕೆ ಜಾಗಾನೇ ಇಲ್ಲ. ಮೊದಲು ಬಣ್ಣ ನೋಡಬೇಕು, ಆಮೇಲೆ ನೊರೆ. ಒಳ್ಳೆ ಬೀರಾದ್ರೆ ಪ್ರತಿ ಗುಟುಕಿಗೂ ಗ್ಲಾಸಿನ ಒಳಗೆ ನೊರೆ ಒಂದೊಂದು ಉಂಗುರ ಬಿಟ್ಟುಕೊಂಡು ಇಳಿಯುತ್ತೆ."

"ಉಂಗುರ ಬಿಟ್ರ ಲಗ್ನ ಮಾಡ್ಬೇಕೇನ್ರಿ?" ಎಂದೆ. ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಪರೀಕ್ಷಕ ನಗಲಿಲ್ಲ. ಪಾಪ, ಅವನು ದುಡಿಯಲು ಬಂದವನು.

ಮೊದಲನೆಯ ಗ್ಲಾಸು. ಬಣ್ಣವೇನೋ ಹೊಳೆಯುತ್ತಿತ್ತು, ಹೊಸ ಹಿತ್ತಾಳೆ ಚಂಬಿನಂತೆ. ನೊರೆ ಮಾತ್ರ ಸುರಿದ ಹೊತ್ತಿಗೆ ಎದ್ದು, ನೋಡುವ ಹೊತ್ತಿಗೆ ಕೂತು, ಮುಟ್ಟುವ ಹೊತ್ತಿಗೆ ಇರಲೇ ಇಲ್ಲ. ಮೂಗಿಗೆ ಕುದಿಸಿದ ಗೋವಿನಜೋಳದ ವಾಸನೆ. ಬಾಯಿಗೆ ಸಿಹಿ. ನುಂಗಿದ ಮೇಲೆಯೂ ಆ ಸಿಹಿ ನಾಲಿಗೆ ಬಿಟ್ಟು ಹೋಗದೆ, ಊಟಕ್ಕೆ ಬಂದು ರಾತ್ರಿಗೂ ಉಳಿದ ಬೀಗರಂತೆ ಅಲ್ಲೇ ಕೂತಿತ್ತು. ಅವಸರದಲ್ಲಿ ಒಣಗಿಸಿದ ಭತ್ತದ ಅಕ್ಕಿ ಹೀಗೇ. ನೋಡಲು ಬೆಳ್ಳಗೆ, ಬಾಯಲ್ಲಿ ಅಂಟು.

ಪರೀಕ್ಷಕ, "ಹಿತವಾದ ಮಾಲ್ಟಿನ ಸಿಹಿ, ದೂರದಲ್ಲೊಂದು ಜೋಳದ ತೋಟದ ನೆನಪು" ಎಂದ. ನನಗೆ ನೆನಪಾದದ್ದು ಬಸ್‌ಸ್ಟ್ಯಾಂಡಿನ ತೆನೆ ಮಾರುವವನ ಬೋಗುಣಿ.

"ನೀವೇನಂತೀರಿ?" ಎಂದ ಸಾಹುಕಾರ ನನಗೆ.

"ಅಡ್ಡಿ ಇಲ್ರಿ. ಛಲೋ ಐತಿ" ಎಂದು ಗ್ಲಾಸನ್ನು ಪಕ್ಕಕ್ಕೆ ಸರಿಸಿದೆ.

ಎರಡನೆಯ ಗ್ಲಾಸು. ಬಣ್ಣ ಸುಗ್ಗಿಯ ಹೊತ್ತಿನ ಹುಲ್ಲಿನದು, ಹೊಳಪಲ್ಲ, ತಿಳಿ. ಆಚೆ ಕೂತ ಸಾಹುಕಾರನ ಉಂಗುರದ ಹರಳು ಬೀರಿನೊಳಗಿಂದ ಎಣಿಸುವಷ್ಟು ತಿಳಿ. ನೊರೆ ಗಟ್ಟಿಯಾಗಿ, ಹೆಪ್ಪು ಹಾಕಿದ ಮೊಸರಿನ ಮೇಲಿನ ಕೆನೆಯಂತೆ ನಿಂತಿತ್ತು. ಮೂಗಿನ ಹತ್ತಿರ ಹಿಡಿದೆ. ನಾನೂ ಹಿಡಿದೆ, ಬೇರೆಯವರ ಮೂಗನ್ನು ಆಡಿಕೊಂಡವನು! ಹಂಚಿನ ಮೇಲಿಂದ ಈಗ ತೆಗೆದ ಖಡಕ್ ರೊಟ್ಟಿಯ ವಾಸನೆ ಬಂತು, ಅದರ ಹಿಂದೆಯೇ ಏನೋ ಹಸಿರು, ಕಾಲಡಿಯಲ್ಲಿ ತುಳಿದ ಎಳೆ ಸೊಪ್ಪಿನದು. ಬಾಯಿಗೆ ಹಾಕಿದೆ. ಮೊದಲು ಏನೂ ಇಲ್ಲ, ನೀರಿನಷ್ಟೇ ಹಗುರ. ಮೋಸ ಹೋದೆನೇ ಎನ್ನುವಷ್ಟರಲ್ಲಿ ಕಹಿ ಬಂತು. ಬಂದು ಕೂರಲಿಲ್ಲ, ನಾಲಿಗೆಯನ್ನು ಒರೆಸಿ, ಹೊರಟುಹೋಯಿತು. ಅದು ಹೋದ ಜಾಗ ಎಷ್ಟು ಹಸನಾಗಿತ್ತೆಂದರೆ ಕೈ ತಾನಾಗಿ ಮತ್ತೆ ಗ್ಲಾಸಿಗೆ ಹೋಯಿತು. ಒಳಗೆ ತೇವವಿಲ್ಲದ, ನುಚ್ಚಿಲ್ಲದ, ವರ್ಷ ದಾಟಿದ ಹಳೆ ಅಕ್ಕಿಯ ಕಾಳು ಕಟ್ ಎಂದಂತೆ. ಅಂಥ ಕಾಳು ನನ್ನ ಹಲ್ಲಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಸಲ.

ಇದು ನನ್ನ ಸೊಸಿಯದು ಎಂದು ಗೊತ್ತಾಗಲು ಎರಡನೆಯ ಗುಟುಕು ಬೇಕಾಗಲಿಲ್ಲ. ಐದು ವಾರ ಕಾದವರ ಕೈ ಅದು.

ಪರೀಕ್ಷಕ ಏನೋ ಹೇಳುತ್ತಿದ್ದ, ಹೂವು, ಗಿಡಮೂಲಿಕೆ, ಬೆಳಗಿನ ಹುಲ್ಲುಗಾವಲು. ನನಗೆ ಕೇಳಿಸಲಿಲ್ಲ. ಅಂಥ ಮಾಲು ಎದುರಿಗೆ ಬಂದಾಗ ಮೂವತ್ತು ವರ್ಷಗಳಿಂದ ಈ ಬಾಯಿ ಏನು ಮಾಡುತ್ತ ಬಂದಿದೆಯೋ ಅದನ್ನೇ ಮಾಡಿತು. ಕೊಟ್ಟ ಮಾತು ಎಲ್ಲಿ ಹೋಯಿತೋ.

"ಇದೇನ್ರಿ ಇದು?" ಎಂದೆ, ಮೇಜು ಕುಟ್ಟಿ. "ಬೀರೋ, ದನದ ಗ್ವಾದಲಿ ತೊಳದ ನೀರೋ? ಕಹಿ ನೋಡ್ರಿ ಕಹಿ! ನಮ್ಮಜ್ಜಿ ಜ್ವರಕ್ಕ ಮಾಡತಿದ್ದ ಕಷಾಯ ಇದಕ್ಕಿಂತ ಛಲೋ ಇತ್ತು. ಬಂದ ಗಿರಾಕೀನ ಓಡಸ್ಬೇಕಂತ ಮಾಡೀರೇನು ಇದನ್ನ? ಪುಗಸಟ್ಟೆ ಕೊಟ್ರ ಕೈ ತೊಳ್ಕೊಳ್ಳಾಕ ಸೈತ ಯಾರೂ ತಗೊಳ್ಳಂಗಿಲ್ಲ." ಗ್ಲಾಸು ಖಾಲಿಯಾಗಿತ್ತು. "ಹಾಕ್ರಿ ಇನ್ನಷ್ಟು, ನೋಡೋಣ. ಥೂ! ಯಾವ ಪುಣ್ಯಾತ್ಮರು ಮಾಡ್ಯಾರ್ರಿ ಇದನ್ನ?"

ಗಂಗಾವತಿ ಬಜಾರದಲ್ಲಾದರೆ ಇಷ್ಟು ಹೊತ್ತಿಗೆ ಅಕ್ಕಪಕ್ಕದ ನಾಲ್ಕು ದಲ್ಲಾಳಿಗಳು ಓಡಿ ಬಂದು ಆ ಚೀಲಕ್ಕೆ ಕೈ ಹಾಕಿರುತ್ತಿದ್ದರು. ಇಲ್ಲಿ ಸಾಹುಕಾರ ಪೆನ್ನಿನಿಂದ ಕಾಗದದ ಮೇಲೆ ಒಂದು ಉದ್ದ ಗೀಟು ಹೊಡೆದ.

"ಮುಗೀತು ಬಿಡ್ರಿ. ನಾನೂ ಮೊದಲಿಂದ ಇದನ್ನೇ ಅಂದೀನಿ."

"ಸರ್, ಒಂದ್ನಿಮಿಷ, ನನ್ನ ಅಂಕಗಳನ್ನ ನೋಡಿ" ಎಂದ ಪರೀಕ್ಷಕ.

"ನಿಮ್ಮದು ತಿಳೀವಲ್ದು ಬಿಡ್ರಿ. ಎರಡಕ್ಕೂ ತೋಟ ಅಂತೀರಿ, ಹುಲ್ಲು ಅಂತೀರಿ. ಇವರು ನೋಡ್ರಿ, ಕಲ್ಲಿಗೆ ಉಳಿ ಹೊಡದಂಗ ಹೇಳ್ಯಾರ." ಸಾಹುಕಾರ ಗಾಜಿನ ಕಡೆ ತಿರುಗಿ ಕೈ ಬೀಸಿದ. "ಬರ್ರಿ ಯವ್ವಾ ಇಲ್ಲೆ."

ಸೊಸಿ ಬಂದು ನಿಂತಳು. ಬೂಟಿನಿಂದ ನೀರು ಇಳಿಯುತ್ತಿತ್ತು.

"ಎರಡನೇದು ನಿಮ್ಮದು. ಬಿತ್ತು. ನಾಳಿಯಿಂದ ಟಾಕಿ ಖಾಲಿ ಮಾಡ್ರಿ, ಹೊರಗಿನ ಮಾಲು ತರಸ್ತೀನಿ. ನಿಮ್ಮ ಕೆಲಸದ್ದು ತಿಂಗಳ ಕೊನೀಗೆ ಮಾತಾಡೋಣಂತ."

ಅವಳು ಸಾಹುಕಾರನನ್ನು ನೋಡಲೇ ಇಲ್ಲ. ನನ್ನನ್ನೇ ನೋಡಿದಳು. ಬಜಾರದ ಹೊಲಸು ಬೈಗುಳ ಎಷ್ಟೋ ತಿಂದಿದ್ದೇನೆ, ಆ ನೋಟದಂಥದನ್ನು ತಿಂದಿರಲಿಲ್ಲ.

"ಮಾಮಾ, ನಿನಗ ಏನಂತ ಹೇಳಿ ಕರಸಿದ್ದೆ ನಾನು?"

ಗುಟ್ಟು ಅಲ್ಲಿಗೆ ಒಡೆಯಿತು. "ಮಾಮಾ?" ಎಂದ ಸಾಹುಕಾರ, ಇಬ್ಬರನ್ನೂ ಒಂದೊಂದು ಸಲ ನೋಡಿ.

ನಾನು ಎದ್ದು ನಿಂತೆ. ಕೈ ಮುಗಿದು, ನಮ್ಮ ಬಜಾರದ ಪದ್ಧತಿ ಹೀಗೆ, ಮನಸ್ಸಿಗೆ ಬಂದದ್ದನ್ನೇ ಬೈಯುತ್ತೇವೆ, ಬೇಡವಾದದ್ದಕ್ಕೆ ಛಲೋ ಎಂದು ಕೈ ತೊಳೆದುಕೊಳ್ಳುತ್ತೇವೆ, ಮೊದಲನೆಯದು ಹೊಲಸು, ಎರಡನೆಯದು ಬಂಗಾರ ಎಂದೆಲ್ಲ ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಕಳ್ಳನ ಮಾತಿನಂತೆ ಕೇಳಿಸತೊಡಗಿತು. ನಮ್ಮ ಬಜಾರದ ಜಾಣತನ ಬಜಾರದ ಗೇಟು ದಾಟಿದರೆ ಎಷ್ಟು ದಡ್ಡತನ ಎಂದು ಅವತ್ತು ತಿಳಿಯಿತು.

ಸಾಹುಕಾರ ಮೀಸೆಯಲ್ಲೇ ನಕ್ಕ. "ಸ್ವಾದರಮಾವ ಏನ್ರಿ! ಅದಕ್ಕ ಮಾತು ತಿರುವಾಕ ಹತ್ತೀರಿ. ನಮ್ಮ ಕಲ್ಲಿನ ವ್ಯಾಪಾರದಾಗ ಬಿರುಕು ಇದ್ರ ಬಿರುಕು ಅಂತೀವಿ, ಇಲ್ಲಂದ್ರ ಇಲ್ಲ ಅಂತೀವಿ. ಬೈದು ಬೈದು ಕೊಳ್ಳೋದು ಎಲ್ಲೀದ್ರಿ? ಸೊಸೀದು ಅಂತ ತಿಳೀಲಾರದ ಬೈದ್ರಿ, ತಿಳಿದ ಮ್ಯಾಲೆ ಹೊಗಳಾಕ ಹತ್ತೀರಿ. ನಿಮ್ಮ ಬಾಯಿ ಯಾರು ನಂಬಬೇಕು?"

ನಿಜವಾಗಿಯೂ, ಆ ಬಾಯನ್ನು ಯಾರು ನಂಬಬೇಕು? ತಲೆ ತಗ್ಗಿಸಿದೆ. ತಗ್ಗಿಸಿದ್ದೇ ಒಳ್ಳೆಯದಾಯಿತು, ಮೇಜು ಕಣ್ಣಿಗೆ ಬಿತ್ತು. ಬಜಾರದಲ್ಲಿ ಕಿವುಡ ಇದ್ದರೆ ನಡೆಯುತ್ತದೆ, ಕುರುಡ ಇರಬಾರದು.

"ಸಾವ್ಕಾರ್ರ," ಎಂದೆ, "ನನ್ನ ಬಾಯಿ ಬಿಡ್ರಿ. ನಿಮ್ಮ ಕೈ ನೋಡ್ರಿ."

"ನನ್ನ ಕೈ?"

"ಮೊದಲನೇ ಜಗ್ಗು ಒಂದೊಂದು ಗ್ಲಾಸು ಸುರದ ಮ್ಯಾಲೆ ಯಾರೂ ಮುಟ್ಟಿಲ್ಲ. ನಿಮ್ಮ ಮೊದಲನೇ ಗ್ಲಾಸು ಅರ್ಧ ಹಂಗೇ ಉಳದೈತಿ. ಎರಡನೇ ಜಗ್ಗಿನ ತಳ ಕಾಣಸಾಕ ಹತ್ತೈತಿ. ನಾ ಕುಡದದ್ದು ಎರಡು ಗ್ಲಾಸು, ಈ ಸಾಹೇಬ್ರು ಒಂದು. ಉಳದದ್ದು ಯಾರು ಕುಡದ್ರು? ನಿಮ್ಮ ಗ್ಲಾಸಿನಾಗ ಉಂಗುರ ಎಣಸ್ರಿ."

ಸಾಹುಕಾರ ಗ್ಲಾಸು ಎತ್ತಿ ಹಿಡಿದ. ನೊರೆಯ ಉಂಗುರಗಳು ಒಂದರ ಕೆಳಗೊಂದು, ಬಾವಿಯ ಮೆಟ್ಟಿಲಿನಂತೆ ತಳದವರೆಗೆ ಇಳಿದಿದ್ದವು. ನಾನು ಆಡಿಕೊಂಡ ಆ ಉಂಗುರಗಳೇ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ, ಬಿತ್ತು ಎನ್ನುವಾಗಲೂ, ಟಾಕಿ ಖಾಲಿ ಮಾಡ್ರಿ ಎನ್ನುವಾಗಲೂ, ಆತ ಅದನ್ನೇ ಸುರಿದುಕೊಂಡು ಕುಡಿಯುತ್ತಲೇ ಇದ್ದ.

"ಬಿಸಲು ಭಾಳ ಐತ್ರಿ, ನೀರಡಿಸಿತ್ತು, ಕುಡದೀನಿ" ಎಂದ.

"ಬಿಸಲಿಗೆ ಮೊದಲನೇದೂ ತಣ್ಣಗ ಇತ್ತಲ್ರಿ?"

ಪರೀಕ್ಷಕ ಮೊದಲ ಸಲ ನಕ್ಕ. ತನ್ನ ಕಾಗದವನ್ನು ಸಾಹುಕಾರನ ಮುಂದೆ ಮೆಲ್ಲನೆ ಸರಿಸಿದ. ಇಣುಕಿ ನೋಡಿದೆ. ಎರಡನೆಯದಕ್ಕೆ ಮೊದಲನೆಯದರ ಹತ್ತಿರ ಹತ್ತಿರ ಎರಡರಷ್ಟು ಅಂಕ ಕೊಟ್ಟಿದ್ದ. ಮೊದಲನೆಯದರ ಎದುರು, ಜೋಳದ ವಾಸನೆ, ದೋಷ, ಎಂದು ಸ್ಪಷ್ಟವಾಗಿ ಬರೆದಿದ್ದ. ಸೆಂಟು ಹಚ್ಚಿಕೊಂಡೂ ಆ ಮೂಗು ಅಷ್ಟನ್ನು ಹಿಡಿದಿತ್ತು. ಆದರೆ ಬಾಯಲ್ಲಿ ಅದನ್ನು ತೋಟದ ನೆನಪು ಎಂದಿದ್ದನಲ್ಲ, ಅದಕ್ಕೆ ಏನು ಹೇಳುವುದು? ಅವನದು ಮರ್ಯಾದೆಯ ರೋಗ, ನನ್ನದು ಬೈಗುಳದ ರೋಗ. ನಮ್ಮಿಬ್ಬರ ನಡುವೆ ಒಬ್ಬ ಹುಡುಗಿಯ ಐದು ವಾರ ಮೋರಿಗೆ ಹೋಗುತ್ತಿತ್ತು.

ಸಾಹುಕಾರ ಬಹಳ ಹೊತ್ತು ಕಾಗದ ನೋಡಿದ, ಗ್ಲಾಸು ನೋಡಿದ. ಸೋತೆ ಎನ್ನುವ ಜಾತಿಯವನಲ್ಲ.

"ಆತು. ಈ 'ಸೀಜನ್' ಮುಗಿಯೋತನ ನಡೀಲಿ. ಹೊರಗಿಂದು ಸದ್ಯಕ್ಕ ಬ್ಯಾಡ. ಐದು ವಾರ ಅಂದ್ರ ಐದು ವಾರ. ಕಹಿ ಮಾತ್ರ ಒಂಚೂರು..."

"ಕಹಿ ಇದ್ದಂಗ ಇರ್ತೈತ್ರಿ" ಎಂದಳು ಸೊಸಿ.

ಅವನು ಅವಳ ಮುಖ ನೋಡಿದ. "ಇರ್ಲಿ ತಗೋರಿ" ಎಂದು ಜಗ್ಗಿನಲ್ಲಿ ಉಳಿದದ್ದನ್ನು ತನ್ನ ಗ್ಲಾಸಿಗೇ ಬಗ್ಗಿಸಿಕೊಂಡ. ನಮಗೆ ಬೇಕೇ ಎಂದು ಕೇಳಲಿಲ್ಲ. ಅಂಥವನು.

ಹಿಟ್ನಾಳ ಕ್ರಾಸಿನವರೆಗೆ ಸೊಸಿ ಸ್ಕೂಟಿಯಲ್ಲಿ ಬಿಟ್ಟಳು. ಹೆಲ್ಮೆಟ್ಟಿನ ಹಿಂಭಾಗಕ್ಕೆ ಎಷ್ಟು ಸಿಟ್ಟು ತೋರಿಸಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಡಿ ನಿಲ್ಲಿಸಿ ತಿರುಗಿದಳು.

"ಬರೇ ಒಂದ್ಸಲ ಮಾಮಾ. ಛಲೋ ಐತಿ ಅಂದಿದ್ರ ನಾಲಿಗಿ ಉದುರಿ ಬೀಳ್ತಿತ್ತೇನು?"

"ಅಂದೆನಲ್ಲ..."

"ಮೊದಲನೇದಕ್ಕ ಅಂದಿ!"

ರಸ್ತೆಯಲ್ಲಿ ಅದಿರಿನ ಲಾರಿಗಳು ಹೋಗುತ್ತಿದ್ದವು. ಈಗಲಾದರೂ ಸೀದಾ ಹೇಳಬೇಕೆಂದು ಬಾಯಿ ತೆರೆದೆ. ಹೊಗಳುವ ಮಾತು ಒಂದೂ ಬರಲಿಲ್ಲ. ಹಿರಿಯರು ನನಗೆ ನೂರು ಬೈಗುಳ ಕಲಿಸಿದ್ದಾರೆ, ಹೊಗಳಿಕೆಯ ಚೀಲ ಖಾಲಿ. ಆದದ್ದನ್ನು ಆದಂತೆ ಹೇಳಿದೆ.

"ಹಕ್ಕರಿಕಿ ಐತಲ್ಲ, ರೊಟ್ಟಿ ಕೂಡ ಹಸೀದು ತಿಂತೀವಲ್ಲ ಆ ಸೊಪ್ಪು. ಬಾಯಾಗ ಇಟ್ಟಕೂಡ್ಲೆ ಏನೂ ಅನಸಂಗಿಲ್ಲ. ಆಮ್ಯಾಲೆ ಒಂದೀಟು ಕಹಿ ಬರ್ತೈತಿ. ಬಂದು, ಮುಂದಿನ ತುತ್ತು ಬೇಡ್ತೈತಿ. ನಿನ್ನ ಬೀರು ಆ ಕಹಿ. ಅದರ ಹಿಂದ ಹಂಚಿನ ರೊಟ್ಟಿ ಐತಿ. ನಾ ಜರ್ಮನಿ ನೋಡಿಲ್ಲ. ಹಕ್ಕರಿಕಿ ಗೊತ್ತೈತಿ."

"ಹಂಗಂದ್ರ ಛಲೋನೋ ಕೆಟ್ಟದ್ದೋ?"

"ನಮ್ಮಜ್ಜಿ ಹಕ್ಕರಿಕಿ ಇಲ್ಲಂದ್ರ ಊಟಕ್ಕ ಕೂಡ್ತಿದ್ದಿಲ್ಲ."

ಅವಳು ಹೆಲ್ಮೆಟ್ಟಿನ ಗಾಜು ಕೆಳಗೆಳೆದುಕೊಂಡಳು. ಗಾಜಿನ ಒಳಗೆ ಏನಾಯಿತೋ ನಾನು ನೋಡಲು ಹೋಗಲಿಲ್ಲ. "ಬಸ್ ಬಂತು, ಹತ್ತು" ಎಂದಳು.

ಗಂಗಾವತಿ ತಲುಪುವ ಮೊದಲೇ ಬಸ್ಸಿನಲ್ಲಿ ಫೋನು ಬಡಿದುಕೊಂಡಿತು. ಯಲಬುರ್ಗಿಯಿಂದ ಅಕ್ಕ.

"ತಮ್ಮಾ, ಹೋಗಿದ್ದೆಂತಲ್ಲ ಅಲ್ಲಿಗೆ. ಏನಾತು? ಕರ್ಕೊಂಡ್ ಬರಾಕ ಅಕಿ ಅಪ್ಪನ್ನ ಕಳಿಸ್ಲೇನು?"

ನಡೆದ ಕಥೆಯನ್ನೆಲ್ಲ ಬಸ್ಸಿನಲ್ಲಿ ಹೇಳಲು ಆಗುವುದಿಲ್ಲ. ಪಕ್ಕದಲ್ಲಿ ಯಾರೋ ನನ್ನ ಬಾಯಿಯ ವಾಸನೆಗೆ ಆಗಲೇ ಮುಖ ತಿರುಗಿಸಿ ಕೂತಿದ್ದರು.

"ಅಕ್ಕಾ, ರುಚಿ ನೋಡಿದೆ ನಾನು."

"ಏನಂದಿ?"

"ಗ್ವಾದಲಿ ತೊಳದ ನೀರು ಅಂದೆ."

"ಮತ್ತ?" ಎಂದಳು.

"ಅಜ್ಜಿ ಕಷಾಯನ ಇದಕ್ಕಿಂತ ಛಲೋ ಅಂದೆ. ಪುಗಸಟ್ಟೆ ಕೊಟ್ರ ಕೈ ತೊಳ್ಕೊಳ್ಳಾಕೂ ತಗೊಳ್ಳಂಗಿಲ್ಲ ಅಂದೆ. ಮೇಜು ಕುಟ್ಟಿ ಅಂದೆ."

"ಅಷ್ಟೆಲ್ಲಾ ಬೈದಿ?" ಅಕ್ಕನ ದನಿ ಸಣ್ಣಗಾಯಿತು. ಅವಳೂ ಅದೇ ದಲ್ಲಾಳಿಯ ಮಗಳು, ಅದೇ ಅಜ್ಜಿಯ ಮೊಮ್ಮಗಳು. "ಮೇಜು ಕುಟ್ಟಿ ಬೈದಿ?"

"ಹೂಂ."

"ಹಂಗಾರ ಕರ್ಕೊಂಡ್ ಬರೂದು ಬ್ಯಾಡ ಬಿಡು. ಅಲ್ಲೇ ಇರ್ಲಿ" ಎಂದಳು ಅಕ್ಕ. ಸೆರಗಿನಿಂದ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು. "ಕಾಗಿ ಮರಿ ಅದು."